ಬೆಳಗಿನ ಆರು ಗಂಟೆಗೆ ಮಾತ್ರ ಏಳದ ಕಂಪ್ಯೂಟರ್

ಹಾಸನ ಜಿಲ್ಲೆಯ ಒಂದು ಹಳ್ಳಿಯ ಹಾಲು ಉತ್ಪಾದಕರ ಸಂಘದ ಕಾರ್ಯದರ್ಶಿಯವರು ಡಿಸೆಂಬರ್ ತಿಂಗಳಲ್ಲಿ ಫೋನ್ ಮಾಡಿ ಹೇಳಿದ್ದು ಇಷ್ಟೇ: "ಕಂಪ್ಯೂಟರ್ ಬೆಳಿಗ್ಗೆ ಆನ್ ಆಗುವುದಿಲ್ಲ, ಸಂಜೆ ಆಗುತ್ತದೆ. ಒಮ್ಮೆ ಬಂದು ನೋಡಿ." ಇಪ್ಪತ್ತು ವರ್ಷಗಳಿಂದ ಕಂಪ್ಯೂಟರ್ ದುರಸ್ತಿ ಮಾಡುತ್ತಿರುವ ನನಗೆ ಆ ಮಾತಿನಲ್ಲೇ ಅರ್ಧ ಉತ್ತರ ಇತ್ತು ಎಂಬುದು ಹೊಳೆಯಲು ಎಂಟು ದಿನ ಬೇಕಾಯಿತು. ಆ ಎಂಟು ದಿನಗಳಲ್ಲಿ ನಾನು ಎಲ್ಲಿ ಸರಿಯಾಗಿ ಅಳೆದೆ, ಎಲ್ಲಿ ತಪ್ಪು ಹೊತ್ತಿನಲ್ಲಿ ಅಳೆದೆ ಎಂಬುದನ್ನು ಇಲ್ಲಿ ಪೂರ್ತಿಯಾಗಿ ಬರೆದಿಡುತ್ತಿದ್ದೇನೆ.

ಹಾಲಿನ ಡೈರಿಯಲ್ಲಿ ಬೆಳಗಿನ ಹೊತ್ತು ಹೇಗಿರುತ್ತದೆ ಎಂಬುದು ಹಳ್ಳಿಯವರಿಗೆ ಗೊತ್ತು. ಆರು ಗಂಟೆಗೆ ಬಾಗಿಲು ತೆರೆಯುವ ಮೊದಲೇ ಕ್ಯಾನು, ತಂಬಿಗೆ, ಸ್ಟೀಲ್ ಡಬ್ಬಿ ಹಿಡಿದವರ ಸಾಲು ನಿಂತಿರುತ್ತದೆ. ಹಾಲನ್ನು ತೂಕದ ಯಂತ್ರಕ್ಕೆ ಸುರಿಯುತ್ತಾರೆ, ಒಂದು ಚಿಕ್ಕ ಲೋಟದಷ್ಟು ಪರೀಕ್ಷಾ ಯಂತ್ರಕ್ಕೆ ಹೋಗುತ್ತದೆ, ಎರಡೂ ಯಂತ್ರಗಳ ಅಂಕಿ ಕಂಪ್ಯೂಟರಿಗೆ ಬಂದು, ಲೀಟರ್, ಫ್ಯಾಟ್, ಎಸ್‌ಎನ್‌ಎಫ್ (ಕೊಬ್ಬು ಬಿಟ್ಟು ಉಳಿದ ಘನಾಂಶ), ದರ, ಮೊತ್ತ ಎಲ್ಲವೂ ಇರುವ ಚೀಟಿ ಹೊರಬರುತ್ತದೆ. ಕಂಪ್ಯೂಟರ್ ಏಳದಿದ್ದರೆ ಹಾಲು ಅಳೆಯುವುದೇನೂ ನಿಲ್ಲುವುದಿಲ್ಲ. ಟೆಸ್ಟರ್ ಹುಡುಗ ಯಂತ್ರದ ಪರದೆಯಲ್ಲಿ ಕಂಡ ಅಂಕಿಯನ್ನು ಪುಸ್ತಕದಲ್ಲಿ ಬರೆದುಕೊಂಡು, ದರಪಟ್ಟಿ ನೋಡಿ ಲೆಕ್ಕ ಹಾಕಿ, ಕೈಬರಹದ ಚೀಟಿ ಕೊಡುತ್ತಾನೆ. ಆದರೆ ಸಾಲು ಉದ್ದವಾಗುತ್ತದೆ, ಹಾಲಿನ ಗಾಡಿ ಬಂದು ಕಾಯುತ್ತದೆ, ಜನರ ಮನಸ್ಸಿನಲ್ಲಿ ಅನುಮಾನ ಮೂಡುತ್ತದೆ. ನಾನಿದ್ದಾಗಲೇ ಒಬ್ಬ ಅಜ್ಜಿ ಚೀಟಿಯನ್ನು ತಿರುಗಿಸಿ ನೋಡಿ, "ಇದು ಬೇಡ ಕಣಪ್ಪ, ಮಿಷನ್ ಚೀಟಿಯನ್ನೇ ಕೊಡು" ಎಂದರು. ಎರಡು ಲೀಟರ್ ಹಾಲಿನ ದುಡ್ಡಿನಲ್ಲಿ ಮನೆ ನಡೆಸುವವರಿಗೆ ಮುದ್ರಿತ ಚೀಟಿ ಎಂದರೆ ನ್ಯಾಯ ಸಿಕ್ಕಿತು ಎಂಬ ಭರವಸೆ. ಆ ಮಾತು ಕೇಳಿದ ಮೇಲೆ ಈ ಕೆಲಸವನ್ನು ಅರ್ಧಕ್ಕೆ ಬಿಡಲು ನನಗೆ ಮನಸ್ಸಾಗಲಿಲ್ಲ.

ನನಗಿಂತ ಮೊದಲು ಪಟ್ಟಣದ ಒಬ್ಬ ರಿಪೇರಿಯವರು ಇದನ್ನು ನೋಡಿದ್ದರು. ಎರಡು ದಿನ ಇಟ್ಟುಕೊಂಡು, ರ‍್ಯಾಮ್ ಬಿಚ್ಚಿ ರಬ್ಬರಿನಿಂದ ಉಜ್ಜಿ, ಮದರ್‌ಬೋರ್ಡಿನ ಬಿಲ್ಲೆ ಬ್ಯಾಟರಿ ಬದಲಿಸಿ, ಸರಿಯಾಗಿದೆ ಎಂದು ಕೊಟ್ಟಿದ್ದರು. ಮರುದಿನ ಬೆಳಿಗ್ಗೆ ಅದೇ ಕಥೆ. ಎರಡನೆಯ ಸಲ ಅವರು ಮದರ್‌ಬೋರ್ಡ್ ಹೋಗಿದೆ, ಇಷ್ಟು ಹಳೆಯ ಮಾದರಿ ಸಿಗುವುದಿಲ್ಲ, ಹೊಸ ಕಂಪ್ಯೂಟರ್ ತೆಗೆದುಕೊಳ್ಳಿ ಎಂದಿದ್ದರು. ಹೊಸದು ಕೊಳ್ಳಬೇಕೆಂದರೆ ಸಂಘದ ಆಡಳಿತ ಮಂಡಳಿಯಲ್ಲಿ ಠರಾವು ಆಗಬೇಕು. ಅದಕ್ಕೂ ಮುಂಚೆ ಇನ್ನೊಬ್ಬರ ಮಾತು ಕೇಳೋಣ ಎಂದು ಕಾರ್ಯದರ್ಶಿಯವರು ನನ್ನನ್ನು ಕರೆದಿದ್ದರು.

"ಆನ್ ಆಗುತ್ತಿಲ್ಲ" ಎಂಬ ದೂರು ಬಂದಾಗ ನಾನು ಮೊದಲು ಕೇಳುವುದು, ಗುಂಡಿ ಒತ್ತಿದಾಗ ಏನೇನೂ ಆಗುವುದಿಲ್ಲವೇ ಎಂದು. ಫ್ಯಾನ್ ತಿರುಗಿ, ದೀಪ ಉರಿದು, ಪರದೆ ಮಾತ್ರ ಕಪ್ಪಾಗಿದ್ದರೆ ಅದು ಬೇರೆಯೇ ಕಾಯಿಲೆ. ರ‍್ಯಾಮ್ ಉಜ್ಜುವುದಕ್ಕೆ ಅರ್ಥವಿರುವುದು ಅಲ್ಲಿ. ಫ್ಯಾನ್ ಅರೆಕ್ಷಣ ಅಲುಗಾಡಿ ನಿಂತರೆ ಎಲ್ಲೋ ಶಾರ್ಟ್ ಇದೆ, ಗೋಡೆಯ ಕರೆಂಟನ್ನು ಕಂಪ್ಯೂಟರಿಗೆ ಬೇಕಾದ ಸಣ್ಣ ವೋಲ್ಟೇಜುಗಳಿಗೆ ಇಳಿಸಿ ಕೊಡುವ ಪೆಟ್ಟಿಗೆಯಾದ ಎಸ್‌ಎಂಪಿಎಸ್ ತನ್ನನ್ನು ಕಾಪಾಡಿಕೊಳ್ಳಲು ತಾನೇ ನಿಂತುಬಿಡುತ್ತಿದೆ ಎಂದು ಅನುಮಾನಿಸಬೇಕು. ಇಲ್ಲಿ ಟೆಸ್ಟರ್ ಹುಡುಗನ ಉತ್ತರ ಸ್ಪಷ್ಟವಾಗಿತ್ತು: "ಏನೂ ಇಲ್ಲ ಸರ್. ಫ್ಯಾನ್ ಕೂಡ ಅಲುಗಾಡುವುದಿಲ್ಲ. ಒಳಗೆ ಬೋರ್ಡಿನ ಹಸಿರು ದೀಪ ಮಾತ್ರ ಉರಿಯುತ್ತಿರುತ್ತದೆ." ಆ ಹಸಿರು ದೀಪವೇ ಎಲ್ಲರನ್ನೂ ದಾರಿ ತಪ್ಪಿಸಿತ್ತು, ನನ್ನನ್ನೂ ಸೇರಿಸಿ.

ನಾನು ಮೊದಲ ಸಲ ಹೋದಾಗ ಬೆಳಗಿನ ಹನ್ನೊಂದು ಗಂಟೆ. ಗುಂಡಿ ಒತ್ತಿದೆ, ಕಂಪ್ಯೂಟರ್ ಎದ್ದಿತು. ಆರಿಸಿ ಮತ್ತೆ ಒತ್ತಿದೆ, ಮತ್ತೆ ಎದ್ದಿತು. ಗೋಡೆಯ ಸಾಕೆಟ್ಟಿನಲ್ಲಿ 226 ವೋಲ್ಟ್ ಇತ್ತು, ನ್ಯೂಟ್ರಲ್ ಮತ್ತು ಅರ್ಥಿಂಗ್ ನಡುವೆ 3 ವೋಲ್ಟ್, ಚಿಂತೆಯಿಲ್ಲ. ಅಂಗಡಿಗೆ ಒಯ್ದೆ. ಎಸ್‌ಎಂಪಿಎಸ್ ಅನ್ನು ಬೋರ್ಡಿನಿಂದ ಬಿಡಿಸಿ, 24 ಪಿನ್ನಿನ ಕನೆಕ್ಟರಿನಲ್ಲಿ ಬೋರ್ಡ್ ಇಲ್ಲದೆಯೇ ಅದನ್ನು ಚಾಲೂ ಮಾಡಲು ಹಸಿರು ತಂತಿಯನ್ನು ಕಪ್ಪು ತಂತಿಗೆ ಒಂದು ಪೇಪರ್ ಕ್ಲಿಪ್‌ನಿಂದ ಸೇರಿಸಿದೆ. ಫ್ಯಾನ್ ತಿರುಗಿತು. ಹಳದಿಯಲ್ಲಿ 12.1, ಕೆಂಪಿನಲ್ಲಿ 5.05, ಕಿತ್ತಳೆಯಲ್ಲಿ 3.32, ನೇರಳೆಯಲ್ಲಿ 5.07 ವೋಲ್ಟ್. ಪುಸ್ತಕದಲ್ಲಿ ಬರೆದಿಟ್ಟ ಹಾಗಿದ್ದ ಅಂಕಿಗಳು. ಮತ್ತೆ ಎಲ್ಲವನ್ನೂ ಜೋಡಿಸಿ ಮಧ್ಯಾಹ್ನದಿಂದ ಸಂಜೆಯವರೆಗೆ ಹದಿನೈದು ಸಲ ಆರಿಸಿ ಹೊತ್ತಿಸಿದೆ. ಒಮ್ಮೆಯೂ ತಪ್ಪಲಿಲ್ಲ. ಸಡಿಲವಾಗಿದ್ದ ಪವರ್ ಕೇಬಲ್ ಒಂದನ್ನು ಬದಲಿಸಿ ವಾಪಸ್ ಕೊಟ್ಟೆ. ಮರುದಿನ ಬೆಳಿಗ್ಗೆ ಆರು ಹತ್ತಕ್ಕೆ ಫೋನ್ ಬಂತು.

ನಾನು ಅಳೆದ ಅಂಕಿಗಳಲ್ಲಿ ಒಂದೂ ಸುಳ್ಳಲ್ಲ. ಆದರೆ ಕಾಯಿಲೆ ಇಲ್ಲದ ಹೊತ್ತಿನಲ್ಲಿ, ಹೊರೆ ಇಲ್ಲದ ತಂತಿಯ ಮೇಲೆ ಅಳೆದಿದ್ದೆ. ಪೇಪರ್ ಕ್ಲಿಪ್ ಪರೀಕ್ಷೆಯಲ್ಲಿ ಎಸ್‌ಎಂಪಿಎಸ್ ಹೊರುವುದು ತನ್ನದೇ ಫ್ಯಾನಿನ ಭಾರವನ್ನು ಮಾತ್ರ. ಖಾಲಿ ಗಾಡಿ ಎಳೆಯುವ ಎತ್ತನ್ನು ನೋಡಿ ಅದರ ಬಲ ಹೇಳಲಾಗುವುದಿಲ್ಲ. ಆ ಪರೀಕ್ಷೆಯಲ್ಲಿ ಎಸ್‌ಎಂಪಿಎಸ್ ಸೋತರೆ ಅದು ಕೆಟ್ಟಿದೆ ಎಂದು ಬಹುಮಟ್ಟಿಗೆ ಹೇಳಬಹುದು. ಗೆದ್ದರೆ ಏನನ್ನೂ ಹೇಳುವಂತಿಲ್ಲ.

ಈ ಸಲ ಯಂತ್ರ ಬಿಚ್ಚುವ ಮೊದಲು ಕೂತು ಮಾತನಾಡಿಸಿದೆ. ತೊಂದರೆ ಶುರುವಾಗುವ ಮುಂಚೆ ಏನಾದರೂ ಬದಲಾಯಿತೇ ಎಂದು ಕೇಳಿದರೆ, ಎಲ್ಲರಂತೆ ಕಾರ್ಯದರ್ಶಿಯವರೂ "ಏನೂ ಇಲ್ಲ" ಎಂದರು. ಹಾಗೆ ಹೇಳುವವರು ಸುಳ್ಳು ಹೇಳುತ್ತಿರುವುದಿಲ್ಲ. ಕಂಪ್ಯೂಟರಿಗೆ ಸಂಬಂಧವಿಲ್ಲ ಎಂದುಕೊಂಡದ್ದನ್ನು ಅವರು ಲೆಕ್ಕಕ್ಕೆ ಹಿಡಿದಿರುವುದಿಲ್ಲ, ಅಷ್ಟೇ. ಆದ್ದರಿಂದ ಪ್ರಶ್ನೆ ಬದಲಿಸಿದೆ: ರಾತ್ರಿ ಬಾಗಿಲು ಹಾಕುವಾಗ ಏನೇನು ಮಾಡುತ್ತೀರಿ, ಬೆಳಿಗ್ಗೆ ಬಂದ ತಕ್ಷಣ ಏನೇನು ಮಾಡುತ್ತೀರಿ, ಒಂದೊಂದಾಗಿ ಹೇಳಿ. ಟೆಸ್ಟರ್ ಹುಡುಗ ಹೇಳತೊಡಗಿದ. ತೂಕದ ಯಂತ್ರ ಒರೆಸುತ್ತೇನೆ, ಪರೀಕ್ಷಾ ಯಂತ್ರ ತೊಳೆಯುತ್ತೇನೆ, ಕಂಪ್ಯೂಟರ್ ಆರಿಸುತ್ತೇನೆ, ಮೇನ್ ಆಫ್ ಮಾಡಿ ಬೀಗ ಹಾಕುತ್ತೇನೆ.

ಮೇನ್ ಆಫ್ ಮಾಡುವುದು ಯಾವಾಗಿನಿಂದ? ಮೇ ತಿಂಗಳಿನಿಂದ. ಮುಂಗಾರಿಗೆ ಮುಂಚಿನ ಗುಡುಗು ಮಳೆಯಲ್ಲಿ ಸಿಡಿಲು ಬಡಿದು ಇಂಟರ್ನೆಟ್ ಮೋಡೆಮ್ ಸುಟ್ಟುಹೋಗಿತ್ತು. ಅಂದಿನಿಂದ ಕಾರ್ಯದರ್ಶಿಯವರೇ ಮಾಡಿದ ನಿಯಮ ಅದು, ಒಳ್ಳೆಯ ನಿಯಮವೇ. ಅದಕ್ಕೂ ಮುಂಚೆ ಆರು ವರ್ಷಕ್ಕೂ ಹೆಚ್ಚು ಕಾಲ ಆ ಕಂಪ್ಯೂಟರಿಗೆ ಹಗಲೂ ರಾತ್ರಿ ಕರೆಂಟ್ ಹೋಗುತ್ತಲೇ ಇತ್ತು. ಮೇನ್ ಆಫ್ ಮಾಡತೊಡಗಿದ್ದು ಮೇ ತಿಂಗಳಲ್ಲಿ, ತೊಂದರೆ ಬಂದದ್ದು ಡಿಸೆಂಬರಿನಲ್ಲಿ. ನಡುವೆ ಬಂದದ್ದು ಚಳಿ.

ಇಲ್ಲಿ ಕಂಪ್ಯೂಟರಿನ ಗುಂಡಿಯ ಬಗ್ಗೆ ಸ್ವಲ್ಪ ಹೇಳಬೇಕು. ಹಳೆಯ ಕಾಲದ ಕಂಪ್ಯೂಟರುಗಳಲ್ಲಿ ಮುಂದಿನ ಗುಂಡಿ ಎಂದರೆ ನಿಜವಾದ ಸ್ವಿಚ್. ಗೋಡೆಯಿಂದ ಬಂದ ಕರೆಂಟನ್ನೇ ಅದು ಕಡಿಯುತ್ತಿತ್ತು, ಸೇರಿಸುತ್ತಿತ್ತು. 1995ರಲ್ಲಿ ಇಂಟೆಲ್ ತಂದ ಎಟಿಎಕ್ಸ್ ಪದ್ಧತಿಯಲ್ಲಿ ಇದು ಬದಲಾಯಿತು. ಈಗಿನ ಗುಂಡಿ ಬಾಗಿಲಿನ ಕರೆಗಂಟೆಯ ಗುಂಡಿಯಂತೆ. ಅದನ್ನು ಒತ್ತಿದರೆ ಮದರ್‌ಬೋರ್ಡಿಗೆ ಒಂದು ಸೂಚನೆ ಹೋಗುತ್ತದೆ. ಬೋರ್ಡ್ ಆ ಸೂಚನೆ ಕೇಳಿಸಿಕೊಂಡು ಹಸಿರು ತಂತಿಯನ್ನು ಸೊನ್ನೆ ವೋಲ್ಟಿಗೆ ಎಳೆಯುತ್ತದೆ. ಆಗ ಎಸ್‌ಎಂಪಿಎಸ್ ತನ್ನ ದೊಡ್ಡ ವಿಭಾಗವನ್ನು ಚಾಲೂ ಮಾಡಿ, ವೋಲ್ಟೇಜುಗಳೆಲ್ಲ ನೆಲೆ ನಿಂತ ಮೇಲೆ ಬೂದು ತಂತಿಯ ಮೂಲಕ "ಸಿದ್ಧ" ಎಂದು ಹೇಳುತ್ತದೆ. ಆದರೆ ಗುಂಡಿಯ ಸೂಚನೆ ಕೇಳಿಸಿಕೊಳ್ಳಲು ಬೋರ್ಡ್ ಎಚ್ಚರವಾಗಿರಬೇಕಲ್ಲ? ಅದಕ್ಕಾಗಿ ಎಸ್‌ಎಂಪಿಎಸ್‌ನೊಳಗೆ ಇನ್ನೊಂದು ಪುಟ್ಟ ವಿಭಾಗವಿದೆ. ಕಂಪ್ಯೂಟರ್ ಆರಿದ್ದರೂ, ಪ್ಲಗ್ ಚುಚ್ಚಿ ಸ್ವಿಚ್ ಹಾಕಿರುವಷ್ಟು ಹೊತ್ತೂ ಅದು ನೇರಳೆ ತಂತಿಯಲ್ಲಿ 5 ವೋಲ್ಟ್ ಕೊಡುತ್ತಲೇ ಇರುತ್ತದೆ. ಇದು ಸ್ಟ್ಯಾಂಡ್‌ಬೈ ವೋಲ್ಟೇಜ್. 4.75ಕ್ಕಿಂತ ಕೆಳಗೆ, 5.25ಕ್ಕಿಂತ ಮೇಲೆ ಅದು ಹೋಗಬಾರದು. ಮನೆಯಲ್ಲಿ ಎಲ್ಲರೂ ಮಲಗಿದಾಗಲೂ ಎಚ್ಚರವಿರುವ ಕಾವಲುಗಾರನ ಕೆಲಸ ಅದರದು.

ಒಂದು ಬೆಳಿಗ್ಗೆ ನಾಲ್ಕೂವರೆಗೆ ಮನೆ ಬಿಟ್ಟೆ. ನಾನು ಹೇಳುವವರೆಗೆ ಮೇನ್ ಮುಟ್ಟಬೇಡಿ ಎಂದು ಹಿಂದಿನ ರಾತ್ರಿಯೇ ತಿಳಿಸಿದ್ದೆ. ಶೀಟಿನ ಛಾವಣಿ, ಕಡಪ ಕಲ್ಲಿನ ನೆಲದ ಆ ಕೋಣೆಯೊಳಗೆ ಉಷ್ಣತೆ 15 ಡಿಗ್ರಿ ಇತ್ತು. ಬ್ಯಾಟರಿಯ ಬೆಳಕಿನಲ್ಲಿ ಕ್ಯಾಬಿನೆಟ್ಟಿನ ಪಕ್ಕದ ತಗಡು ಬಿಚ್ಚಿದೆ. ಈ ಸಲ ಯಾವ ಕನೆಕ್ಟರನ್ನೂ ಕೀಳಲಿಲ್ಲ. 24 ಪಿನ್ನಿನ ಕನೆಕ್ಟರಿನ ಹಿಂಬದಿಯಿಂದ, ನೇರಳೆ ತಂತಿಯ ಪಕ್ಕದಲ್ಲಿ ಮೀಟರಿನ ಮೊನೆಯನ್ನು ತೂರಿಸಿ, ಕಪ್ಪು ಮೊನೆಯನ್ನು ಕಪ್ಪು ತಂತಿಗೆ ಇಟ್ಟು, ಮೇನ್ ಹಾಕಲು ಹೇಳಿದೆ. ಆಗ 5 ಗಂಟೆ 41 ನಿಮಿಷ.

ಬೋರ್ಡಿನ ಹಸಿರು ದೀಪ ಹೊತ್ತಿಕೊಂಡಿತು. ಮೀಟರ್ ತೋರಿಸಿದ್ದು 3.9 ವೋಲ್ಟ್, ಅದೂ ನಿಲ್ಲದೆ ತೂಗಾಡುತ್ತಾ.

ಗುಂಡಿ ಒತ್ತಿಸಿದೆ, ಏನೂ ಇಲ್ಲ. ಹಸಿರು ತಂತಿಗೆ ಮೊನೆ ಬದಲಿಸಿ ಮತ್ತೆ ಒತ್ತಿಸಿದೆ. ಅದು ಕೆಳಗಿಳಿಯಲೇ ಇಲ್ಲ. ಎಂದರೆ ಬೋರ್ಡ್ ಎಸ್‌ಎಂಪಿಎಸ್‌ಗೆ ಅಪ್ಪಣೆಯನ್ನೇ ಕೊಡುತ್ತಿಲ್ಲ. ಮುಂದಿನ ಗುಂಡಿಯ ತಂತಿಯನ್ನು ಬೋರ್ಡಿನಿಂದ ಕಿತ್ತು, ಆ ಎರಡು ಪಿನ್ನುಗಳನ್ನು ಸ್ಕ್ರೂಡ್ರೈವರಿನ ತುದಿಯಿಂದ ಒಂದು ಕ್ಷಣ ಮುಟ್ಟಿಸಿದೆ. ಆಗಲೂ ಇಲ್ಲ, ಆದ್ದರಿಂದ ಗುಂಡಿ ನಿರ್ದೋಷಿ. ಬಿಲ್ಲೆ ಬ್ಯಾಟರಿ 3.1 ವೋಲ್ಟ್ ಇತ್ತು, ಹೊಸದೇ. ನಂತರ 24 ಪಿನ್ನಿನ ಕನೆಕ್ಟರನ್ನು ಬೋರ್ಡಿನಿಂದ ಕಿತ್ತು ಅಳೆದೆ: 4.8 ವೋಲ್ಟ್. ನೋಡಿ, ಬೋರ್ಡಿನ ಭಾರ ಇಲ್ಲದಿದ್ದರೆ ಅದೇ ನೇರಳೆ ತಂತಿ ಆ ಕೊರೆಯುವ ಚಳಿಯಲ್ಲೂ ಆರೋಗ್ಯವಂತನಂತೆ ಕಾಣುತ್ತದೆ. ಮತ್ತೆ ಜೋಡಿಸಿದೆ: 4.0. ಮೀಟರನ್ನು ಎಸಿ (ದಿಕ್ಕು ಬದಲಿಸುತ್ತಾ ಹರಿಯುವ ಕರೆಂಟ್) ವೋಲ್ಟೇಜಿಗೆ ತಿರುಗಿಸಿದಾಗ ಅರ್ಧ ವೋಲ್ಟಿನಷ್ಟು ಏರಿಳಿತ ಕಂಡಿತು. ನಯವಾದ ಡಿಸಿ (ಒಂದೇ ದಿಕ್ಕಿನಲ್ಲಿ ಹರಿಯುವ ಕರೆಂಟ್) ಇರಬೇಕಾದ ತಂತಿಯಲ್ಲಿ ಅಷ್ಟು ಅಲೆ ಇರಬಾರದು. ಇಲ್ಲಿ ಒಂದು ಎಚ್ಚರಿಕೆ ಹೇಳಬೇಕು. ಅಗ್ಗದ ಮೀಟರುಗಳು ಎಸಿ ಸ್ಥಾನದಲ್ಲಿ ಡಿಸಿಯನ್ನೂ ಸೇರಿಸಿ ಸುಳ್ಳು ಅಂಕಿ ತೋರಿಸುತ್ತವೆ, ಒಳ್ಳೆಯ ಮೀಟರುಗಳಿಗೂ ಎಸ್‌ಎಂಪಿಎಸ್‌ನ ವೇಗದ ಅಲೆಯನ್ನು ಪೂರ್ತಿ ಅಳೆಯಲಾಗುವುದಿಲ್ಲ. ನಾನು ಆ ಅಂಕಿಯನ್ನು ಬಳಸಿದ್ದು ಸಂಜೆಯ ಅಂಕಿಯೊಂದಿಗೆ ಹೋಲಿಸುವುದಕ್ಕಷ್ಟೇ. ಸಂಜೆ ಅಲೆ ಅದರ ಹತ್ತನೆಯ ಒಂದು ಭಾಗವೂ ಇರಲಿಲ್ಲ.

ಹೊರಗೆ ಸಾಲು ಬೆಳೆಯುತ್ತಿತ್ತು. ಹುಡುಗ ಪುಸ್ತಕ ತೆಗೆದು ಬರೆಯತೊಡಗಿದ. ನಾನು ಮೀಟರನ್ನು ಅಲ್ಲೇ ಬಿಟ್ಟು ಗಡಿಯಾರ ನೋಡುತ್ತಾ ಕುಳಿತೆ. ಆರು ಗಂಟೆಗೆ 4.3. ಒತ್ತಿದೆ, ಇಲ್ಲ. ಆರು ಎಂಟಕ್ಕೆ 4.6, ಇಲ್ಲ. ಆರು ಹದಿಮೂರಕ್ಕೆ ಅಂಕಿ 4.75 ದಾಟಿತು. ಗುಂಡಿ ಒತ್ತಿದೆ. ಫ್ಯಾನ್ ತಿರುಗಿತು, ಪರದೆ ಬೆಳಗಿತು, ಸಾಲಿನಲ್ಲಿದ್ದವರು ಒಳಗೆ ಇಣುಕಿದರು. ಯಾರೂ ಏನನ್ನೂ ಸರಿಪಡಿಸಿರಲಿಲ್ಲ. ಮೂವತ್ತೆರಡು ನಿಮಿಷ ಕರೆಂಟ್ ಹರಿದಿತ್ತು, ಒಳಗೆ ಏನೋ ಬೆಚ್ಚಗಾಗಿತ್ತು.

ಹಾಗಾದರೆ ಹಸಿರು ದೀಪ ಏಕೆ ಉರಿಯುತ್ತಿತ್ತು ಎಂದು ಕಾರ್ಯದರ್ಶಿಯವರು ಕೇಳಿದರು. ನಾನು ವಿವರಿಸಲು ಶಬ್ದ ಹುಡುಕುತ್ತಿರುವಾಗ ಅವರೇ ಹೇಳಿದರು: "ತೋಟದಲ್ಲಿ ವೋಲ್ಟೇಜ್ ಬಿದ್ದಾಗ ಪಂಪ್‌ಮನೆಯ ಬಲ್ಬು ಉರಿಯುತ್ತದೆ, ಮೋಟಾರ್ ಮಾತ್ರ ಗುಂಯ್ ಎಂದು ಕೂರುತ್ತದೆ. ಹಾಗೆಯೇ ಅಲ್ಲವೇ?" ಇದಕ್ಕಿಂತ ಚೆನ್ನಾಗಿ ನನಗೆ ಹೇಳಲು ಬರುತ್ತಿರಲಿಲ್ಲ. ಆ ದೀಪ ಎರಡು ಮೂರು ವೋಲ್ಟಿಗೂ ಉರಿಯುತ್ತದೆ. ಕರೆಂಟ್ ಬಂದಿದೆ ಎಂದಷ್ಟೇ ಅದು ಹೇಳುತ್ತದೆ, ಸಾಕಷ್ಟು ಬಂದಿದೆ ಎಂದು ಹೇಳುವುದಿಲ್ಲ.

ಇಲ್ಲಿಗೆ ಬಂದವರು ಎಸ್‌ಎಂಪಿಎಸ್ ಕೆಟ್ಟಿದೆ ಎಂದು ತೀರ್ಪು ಕೊಟ್ಟುಬಿಡುವುದು ಸುಲಭ. ಆದರೆ ಇನ್ನೊಂದು ಸಾಧ್ಯತೆ ಉಳಿದಿತ್ತು. ಕೊಡುವವನು ಸೊರಗಿದರೂ ವೋಲ್ಟೇಜ್ ಬೀಳುತ್ತದೆ, ತೆಗೆದುಕೊಳ್ಳುವವನು ಮಿತಿಮೀರಿ ಎಳೆದರೂ ಬೀಳುತ್ತದೆ. ಚಳಿಯಲ್ಲಿ ಮದರ್‌ಬೋರ್ಡೇ ಹೆಚ್ಚು ಎಳೆಯುತ್ತಿದ್ದರೆ? ಪಟ್ಟಣದವರು ಬೋರ್ಡಿನ ಮೇಲೆ ಹೊರಿಸಿದ್ದ ಆರೋಪವನ್ನು ನಾನು ಪರೀಕ್ಷಿಸದೆ ತಳ್ಳಿಹಾಕುವಂತಿರಲಿಲ್ಲ. ಅದಕ್ಕೆ ಎರಡು ರಾತ್ರಿಗಳ ಪ್ರಯೋಗ ಮಾಡಿದೆ. ಸಂಘದ ಕಂಪ್ಯೂಟರಿಗೆ ನನ್ನ ಬಳಿಯಿದ್ದ ಒಳ್ಳೆಯ ಎಸ್‌ಎಂಪಿಎಸ್ ಹಾಕಿ, ರಾತ್ರಿ ಮೇನ್ ಆಫ್ ಮಾಡಿಸಿ, ಬೆಳಿಗ್ಗೆ ಅದೇ ಚಳಿಯಲ್ಲಿ ಹಾಕಿಸಿದೆ: 5.06 ವೋಲ್ಟ್, ಮೊದಲ ಒತ್ತಿಗೇ ಎದ್ದಿತು. ಸಂಘದ ಹಳೆಯ ಎಸ್‌ಎಂಪಿಎಸ್ ಅನ್ನು ನನ್ನ ಅಂಗಡಿಯ ಬೇರೊಂದು ಬೋರ್ಡಿಗೆ ಜೋಡಿಸಿ, ರಾತ್ರಿಯಿಡೀ ಹಿತ್ತಿಲ ಜಗಲಿಯಲ್ಲಿಟ್ಟು ಬೆಳಿಗ್ಗೆ ಹಾಕಿದೆ: 4.1 ವೋಲ್ಟ್, ಬೋರ್ಡ್ ಏಳಲಿಲ್ಲ. ಎರಡು ಕಡೆಯಿಂದಲೂ ಒಂದೇ ಉತ್ತರ ಬಂದ ಮೇಲೆ ಮದರ್‌ಬೋರ್ಡ್ ಆರೋಪಮುಕ್ತವಾಯಿತು.

ಎಸ್‌ಎಂಪಿಎಸ್ ಬಿಚ್ಚುವುದನ್ನು ಮನೆಯಲ್ಲಿ ಯಾರೂ ಮಾಡಬಾರದು. 230 ವೋಲ್ಟ್ ಎಸಿ ಅದರೊಳಗೆ ಸುಮಾರು 325 ವೋಲ್ಟ್ ಡಿಸಿ ಆಗಿ, ವಿದ್ಯುತ್ತನ್ನು ಹಿಡಿದಿಟ್ಟುಕೊಳ್ಳುವ ದೊಡ್ಡ ಕೆಪಾಸಿಟರಿನಲ್ಲಿ ಕೂತಿರುತ್ತದೆ, ಪ್ಲಗ್ ಕಿತ್ತ ಮೇಲೂ ಸ್ವಲ್ಪ ಹೊತ್ತು ಉಳಿದಿರಬಹುದು. ಅದು ಜೀವ ತೆಗೆಯುವಷ್ಟು ಶಕ್ತಿ. ಹತ್ತು ನಿಮಿಷ ಬಿಟ್ಟು, ಆ ಕೆಪಾಸಿಟರಿನಲ್ಲಿ ಏನೂ ಉಳಿದಿಲ್ಲ ಎಂದು ಮೀಟರಿನಲ್ಲಿ ಖಚಿತಪಡಿಸಿಕೊಂಡೇ ನಾನು ಒಳಗೆ ಕೈ ಹಾಕಿದೆ. ಸ್ಟ್ಯಾಂಡ್‌ಬೈ ವಿಭಾಗದ ಪುಟ್ಟ ಟ್ರಾನ್ಸ್‌ಫಾರ್ಮರಿನ ಪಕ್ಕ, ಬಿಸಿಯಾಗುವ ಅಲ್ಯೂಮಿನಿಯಂ ತಗಡಿಗೆ ಅಂಟಿಕೊಂಡಂತೆ ನಿಂತಿದ್ದ 1000 ಮೈಕ್ರೋಫ್ಯಾರಡ್, 10 ವೋಲ್ಟಿನ ಕೆಪಾಸಿಟರಿನ ತಲೆ ಉಬ್ಬಿತ್ತು. ಬಿಡಿಸಿ ಅಳೆದಾಗ ಉಳಿದಿದ್ದದ್ದು 140 ಮೈಕ್ರೋಫ್ಯಾರಡ್.

ಕೆಪಾಸಿಟರ್ ಎಷ್ಟು ವಿದ್ಯುತ್ ಹಿಡಿದಿಡಬಲ್ಲದು ಎಂಬುದರ ಅಳತೆ ಮೈಕ್ರೋಫ್ಯಾರಡ್; ಸ್ಟ್ಯಾಂಡ್‌ಬೈ ವೋಲ್ಟೇಜಿನ ಅಲೆಯನ್ನು ನಯಗೊಳಿಸಿ ನೆಲೆ ನಿಲ್ಲಿಸುವುದು ಇದರ ಕೆಲಸ. ಈ ಬಗೆಯ ಕೆಪಾಸಿಟರಿನೊಳಗೆ ಒಂದು ದ್ರವ ಇರುತ್ತದೆ. ವರ್ಷಗಟ್ಟಲೆ ಬಿಸಿಯಲ್ಲಿ ಅದು ಆರುತ್ತಾ ಹೋಗುತ್ತದೆ. ಉಷ್ಣತೆ 10 ಡಿಗ್ರಿ ಏರಿದರೆ ಆಯುಸ್ಸು ಅರ್ಧವಾಗುತ್ತದೆ ಎಂಬುದು ಈ ಕಸುಬಿನ ಸ್ಥೂಲ ಲೆಕ್ಕ. 105 ಡಿಗ್ರಿಯಲ್ಲಿ 2000 ಗಂಟೆ ಬಾಳಿಕೆ ಎಂದು ಹೇಳಿರುವ ಕೆಪಾಸಿಟರ್ 65 ಡಿಗ್ರಿಯಲ್ಲಿ 32,000 ಗಂಟೆ ಬಾಳಬಹುದು. ಕೇಳಲು ದೊಡ್ಡದು; ಆದರೆ ಹಗಲೂ ರಾತ್ರಿ ಕರೆಂಟ್ ಇದ್ದರೆ ಅದು ನಾಲ್ಕು ವರ್ಷವೂ ಅಲ್ಲ. ಕಂಪ್ಯೂಟರ್ ಆರಿದಾಗ ಎಸ್‌ಎಂಪಿಎಸ್‌ನ ಫ್ಯಾನ್ ನಿಲ್ಲುತ್ತದೆ, ಸ್ಟ್ಯಾಂಡ್‌ಬೈ ವಿಭಾಗ ಮಾತ್ರ ಗಾಳಿಯಿಲ್ಲದೆ ದುಡಿಯುತ್ತಲೇ ಇರುತ್ತದೆ. ಈ ಸಂಘದಲ್ಲಿ ಅದು ಹಾಗೆ ಆರು ವರ್ಷ ದುಡಿದಿತ್ತು.

ಇನ್ನು ಚಳಿಯ ಪಾತ್ರ. ಕೊಬ್ಬರಿ ಎಣ್ಣೆ ಡಿಸೆಂಬರಿನ ಬೆಳಿಗ್ಗೆ ಸೀಸೆಯಿಂದ ಇಳಿಯದೆ ಸತಾಯಿಸುತ್ತದಲ್ಲ, ಕೆಪಾಸಿಟರಿನ ದ್ರವ ಅಷ್ಟು ಗಟ್ಟಿಯಾಗದಿದ್ದರೂ ಚಳಿಗೆ ಮಂದವಾಗುತ್ತದೆ, ಒಳಗಿನ ತಡೆ ಹೆಚ್ಚುತ್ತದೆ. ಆರೋಗ್ಯವಾಗಿರುವ ಕೆಪಾಸಿಟರಿಗೆ ನಮ್ಮ ಕಡೆಯ ಚಳಿ ಲೆಕ್ಕಕ್ಕಿಲ್ಲ. ಅರ್ಧಕ್ಕಿಂತ ಹೆಚ್ಚು ಆರಿಹೋದದ್ದಕ್ಕೆ ಆ 15 ಡಿಗ್ರಿಯೇ ಸಾಕಾಯಿತು. ಕರೆಂಟ್ ಹರಿಯತೊಡಗಿದ ಮೇಲೆ ಆ ತಡೆಯಿಂದಲೇ ಕೆಪಾಸಿಟರ್ ಬಿಸಿಯಾಗಿ, ಬಿಸಿಯಾದಂತೆ ತಡೆ ಇಳಿದು, ಅರ್ಧ ಗಂಟೆಯಲ್ಲಿ ಕೆಲಸಕ್ಕೆ ಬರುವಷ್ಟಾಗುತ್ತಿತ್ತು. ಮೇನ್ ಆಫ್ ಮಾಡದಿದ್ದ ಕಾಲದಲ್ಲಿ ಅದು ತಣ್ಣಗಾದದ್ದೇ ಇಲ್ಲ, ಹಾಗಾಗಿ ಕಾಯಿಲೆ ಒಳಗೊಳಗೇ ಬೆಳೆದರೂ ಹೊರಗೆ ಕಾಣಲಿಲ್ಲ. ಸಂಜೆ ಕಂಪ್ಯೂಟರ್ ಏಳುತ್ತಿದ್ದದ್ದು, ಪಟ್ಟಣದಲ್ಲಿ ಎದ್ದದ್ದು, ನನ್ನ ಅಂಗಡಿಯಲ್ಲಿ ಹದಿನೈದು ಸಲ ಎದ್ದದ್ದು, ಎಲ್ಲಕ್ಕೂ ಕಾರಣ ಒಂದೇ: ಆ ಹೊತ್ತಿಗೆ ಅದು ಬೆಚ್ಚಗಿತ್ತು.

ಕಾರಣ ಇದೇ ಎಂದು ಪೂರ್ತಿ ನಂಬಿಕೆ ಬರಲು ಆ ಒಂದೇ ಕೆಪಾಸಿಟರನ್ನು ಬದಲಿಸಿ ನೋಡಿದೆ. ಮತ್ತೆ ಒಂದು ರಾತ್ರಿ ಜಗಲಿಯಲ್ಲಿಟ್ಟೆ. ಬೆಳಿಗ್ಗೆ 5.03 ವೋಲ್ಟ್, ತಕ್ಷಣ ಎದ್ದಿತು. ಹತ್ತು ಇಪ್ಪತ್ತು ರೂಪಾಯಿಯ ಬಿಡಿಭಾಗ. ಆದರೂ ಆ ಎಸ್‌ಎಂಪಿಎಸ್ ಅನ್ನು ಸಂಘಕ್ಕೆ ವಾಪಸ್ ಹಾಕಲಿಲ್ಲ. ಅದರಲ್ಲಿ ಅದೇ ವಯಸ್ಸಿನ, ಅದೇ ಬಿಸಿ ತಿಂದ ಇನ್ನೂ ಹತ್ತಾರು ಕೆಪಾಸಿಟರುಗಳಿವೆ. ಇಡೀ ಊರಿನ ಹಾಲಿನ ಲೆಕ್ಕವನ್ನು ಅವುಗಳ ಮೇಲೆ ನಿಲ್ಲಿಸುವುದು ನನಗೆ ಸರಿ ಕಾಣಲಿಲ್ಲ. ಎರಡು ಸಾವಿರ ರೂಪಾಯಿಯೊಳಗೆ ಹೊಸ ಎಸ್‌ಎಂಪಿಎಸ್ ಹಾಕಿದೆ. ಹೊಸ ಕಂಪ್ಯೂಟರಿನ ಠರಾವು ಬೇಕಾಗಲಿಲ್ಲ. ರಾತ್ರಿ ಮೇನ್ ಆಫ್ ಮಾಡುವ ನಿಯಮವನ್ನು ಹಾಗೆಯೇ ಮುಂದುವರಿಸಿ ಎಂದೆ. ಸಿಡಿಲಿಗೂ ಅದು ಒಳ್ಳೆಯದು, ಹೊಸ ಎಸ್‌ಎಂಪಿಎಸ್‌ನ ಆಯುಸ್ಸಿಗೂ ಒಳ್ಳೆಯದು.

ಹೊರಡುವಾಗ ಕಾರ್ಯದರ್ಶಿಯವರು, ಪಕ್ಕದ ಊರಿನ ಸಂಘವೂ ಅದೇ ವರ್ಷ, ಅದೇ ಮಾದರಿಯ ಕಂಪ್ಯೂಟರ್ ಕೊಂಡಿತ್ತು ಎಂದು ನೆನಪಿಸಿಕೊಂಡರು. ಅಲ್ಲಿ ಯಾವ ದೂರೂ ಇರಲಿಲ್ಲ. ಅಲ್ಲಿನವರು ರಾತ್ರಿ ಮೇನ್ ಆಫ್ ಮಾಡುತ್ತಿರಲಿಲ್ಲ. ಒಂದು ರಾತ್ರಿ ಆಫ್ ಮಾಡಲು ಹೇಳಿ, ಮರುದಿನ ಬೆಳಿಗ್ಗೆ ಐದೂವರೆಗೆ ಹೋಗಿ ನೇರಳೆ ತಂತಿಗೆ ಮೀಟರ್ ಹಿಡಿದೆ. 4.4 ವೋಲ್ಟ್ ಇತ್ತು. ಹಾಲಿನ ಸಾಲು ಸೇರುವ ಮುಂಚೆಯೇ ಅಲ್ಲಿನ ಎಸ್‌ಎಂಪಿಎಸ್ ಅನ್ನೂ ಬದಲಿಸಿ ಬಂದೆ.